ಅರಿಸ್ಟಾಟಲನಿಗೂ ಕಫೀಲ್ ಇದ್ದ

ಅಲ್ ಮವಾಲೇಹ್, ತರಕಾರಿ ಮಾರುಕಟ್ಟೆ

ಒಮಾನಿಗೆ ಬಂದಿಳಿದ ಮರುದಿನವೇ ನನ್ನ ತಮ್ಮ ರಮಾನಾಥ ಬದನೆಕಾಯಿ ರಾಶಿಯ ಹಿಂದೆ ಅಡಗಿದ್ದನ್ನು ಕಣ್ಣಾರೆ ಕಂಡೆ. ಐವತ್ತೆರಡು ವರ್ಷದ ಮನುಷ್ಯ. ಹಡಗಿನಲ್ಲಿ ಸರಕು ಸಾಗಿಸುವ ಕಂಪೆನಿಯೊಂದರಲ್ಲಿ ಮ್ಯಾನೇಜರು. ಆಗಷ್ಟೇ ನನ್ನ ಪಕ್ಕ ನಿಂತು ಇಲ್ಲಿನ ಈರುಳ್ಳಿಗೂ ಊರಿನ ಈರುಳ್ಳಿಗೂ ಇರುವ ವ್ಯತ್ಯಾಸದ ಬಗ್ಗೆ ಪಾಠ ಮಾಡುತ್ತಿದ್ದವನು ನಾನು ತಿರುಗುವಷ್ಟರಲ್ಲಿ ಮಾಯವಾಗಿದ್ದ. ರಾಶಿಯ ಆಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಚಪ್ಪಲಿಯ ಬಾರು ಸರಿಮಾಡುವವನ ಹಾಗೆ ಬಗ್ಗಿದ್ದ. ಕಾಲಲ್ಲಿ ಇದ್ದದ್ದು ಬಾರಿಲ್ಲದ ಬೂಟು.

ಕಾರಣ ಎರಡು ಅಂಗಡಿ ಆಚೆ ನಿಂತು ನಿಂಬೆಹಣ್ಣು ಹಿಚುಕಿ ನೋಡುತ್ತಿತ್ತು. ಅದು ವಿಲ್ಫ್ರೆಡ್, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ಇಪ್ಪತ್ತೇಳು ವರ್ಷದ ಹಿಂದೆ ಇವರಿಬ್ಬರೂ ಒಂದೇ ತಿಂಗಳಲ್ಲಿ ಮಸ್ಕತ್ತಿಗೆ ಬಂದು, ರುವಿಯ ಒಂದೇ ಕೋಣೆಯಲ್ಲಿ, ಒಂದೇ ಒಲೆಯಲ್ಲಿ ಗಂಜಿ ಬೇಯಿಸಿಕೊಂಡು ಬದುಕಿದವರು. ವಿಲ್ಲಿಯ ಮದುವೆಗೆ ರಾಮು ಊರಿಗೆ ಬಂದು ಮೂರು ದಿನ ನಿದ್ದೆಗೆಟ್ಟು ಓಡಾಡಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಅಡಗುವ ವಿಷಯ ಗೊತ್ತಿರಲಿಲ್ಲ.

ಹಾಗಾಗಿ "ಓ ವಿಲ್ಲೀ!" ಎಂದು ಇಡೀ ಮಾರುಕಟ್ಟೆ ತಿರುಗಿ ನೋಡುವಂತೆ ಕೂಗಿದೆ. ಮೂವತ್ತು ವರ್ಷ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ ಪಾಠ ಮಾಡಿದ ಗಂಟಲು ನನ್ನದು.

ವಿಲ್ಲಿ ಬಂದು ತಬ್ಬಿಕೊಂಡ. "ಮಾಸ್ಟ್ರೇ! ಯಾವಾಗ ಬಂದದ್ದು? ಒಬ್ರೇನಾ?"

"ಇಲ್ಲ ಮಾರಾಯ, ರಾಮು ಇದ್ದಾನಲ್ಲ, ಇಲ್ಲೇ..." ಎಂದು ನಾನು ಬದನೆಕಾಯಿಯ ಕಡೆ ಕೈ ತೋರಿಸಿದೆ.

ವಿಲ್ಲಿ ಆ ಕಡೆ ನೋಡಿದ. ಮುಖ ಬಿಗಿಯಾಯಿತು. "ಹೌದಾ? ನಂಗೇನೂ ಕಾಣುದಿಲ್ಲ" ಎಂದು, ತಾನು ಕೊಂಡಿದ್ದ ಕೊತ್ತಂಬರಿ ಸೊಪ್ಪಿನ ಒಂದು ಕಟ್ಟನ್ನು ನನ್ನ ಕೈಗಿಟ್ಟು ಹೊರಟೇಹೋದ.

ಕಾರು ಹತ್ತಿದ ಮೇಲೆ ತಮ್ಮ ಬಾಯಿ ಬಿಟ್ಟ. ಕರಾವಳಿಯಿಂದ ಬಂದ ಸುಮಾರು ನಲವತ್ತು ಮನೆಗಳವರು ಸೇರಿ ನಡೆಸುವ ಒಂದು ಕೂಟ ಇವರದ್ದು. ವರ್ಷಕ್ಕೆ ನಾಲ್ಕು ಸಲ ಸೇರುತ್ತಾರೆ, ಪ್ರತಿ ಮನೆಯವರೂ ಒಂದೊಂದು ಅಡುಗೆ ಮಾಡಿ ತರುತ್ತಾರೆ, ಮಕ್ಕಳಿಂದ ಹಾಡು ಹೇಳಿಸುತ್ತಾರೆ, ಯಾರಿಗಾದರೂ ಕಾಯಿಲೆಯೋ ಕಷ್ಟವೋ ಬಂದರೆ ಒಟ್ಟಾಗುತ್ತಾರೆ. ಇಪ್ಪತ್ತು ವರ್ಷ ಅಧ್ಯಕ್ಷರಾಗಿದ್ದ ಹಿರಿಯರೊಬ್ಬರು ಕೆಲಸ ಬಿಟ್ಟು ಊರಿಗೆ ಮರಳಿದ್ದರು. ಆ ಕುರ್ಚಿಗೆ ಈಗ ನನ್ನ ತಮ್ಮನೂ ವಿಲ್ಲಿಯೂ ನಿಂತಿದ್ದರು. ಮೂರು ತಿಂಗಳಿಂದ ಇಬ್ಬರ ನಡುವೆ ಮಾತಿಲ್ಲ. ಒಂದೇ ಕೂಟಕ್ಕೆ ಎರಡು ವಾಟ್ಸ್ಆ್ಯಪ್ ಗುಂಪು. ಮುಂದಿನ ವಾರದ ಶುಕ್ರವಾರ ಸಹಮ್‌ನ ತೋಟವೊಂದರಲ್ಲಿ ಚುನಾವಣೆ. ಸೋತವರು ಬೇರೆ ಕೂಟ ಮಾಡುವುದು ಎಂದು ಎರಡೂ ಕಡೆಯವರು ಆಗಲೇ ತೀರ್ಮಾನಿಸಿಯೂ ಆಗಿತ್ತು.

"ಎಂತಕ್ಕೆ ರಾಮು ಇದೆಲ್ಲ? ನಲವತ್ತು ಮನೆಯ ಅಧ್ಯಕ್ಷಗಿರಿಗೆ?"

"ನಿಂಗೆ ಅರ್ಥ ಆಗುದಿಲ್ಲ ಅಣ್ಣ" ಎಂದ. ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಹೇಳುವ ಮಾತೇ ಅದು? ನನಗೆ ಕೋಪ ಬಂತು.

ಅಲ್ ಮವಾಲೇಹ್, ಮೂರನೆಯ ಮಹಡಿ

ಕೋಪ ಬಂದ ಮೇಷ್ಟ್ರು ಮಾಡುವ ಕೆಲಸ ಒಂದೇ, ಭಾಷಣ. ಗುರುವಾರ ಸಂಜೆ ತಮ್ಮನ ಮನೆಯ ಹಾಲಿನಲ್ಲಿ ಕೂಟದವರಿಗೆ ನಾಲ್ಕು ಮಾತು ಹೇಳುತ್ತೇನೆ ಎಂದು ನಾನೇ ಮುಂದಾದೆ. ಮೂವತ್ತು ಜನ ಬಂದರು. ಮಾಸ್ಟ್ರ ಮೇಲಿನ ಮರ್ಯಾದೆಗೆ ವಿಲ್ಲಿಯೂ ಬಂದ. ಗಂಡಿನ ಕಡೆ, ಹೆಣ್ಣಿನ ಕಡೆ ಎಂಬ ಹಾಗೆ ಎರಡು ಪಾಲಾಗಿ ಕೂತರು. ನಡುವೆ ಏಸಿಯ ಗಾಳಿ. ಹೊರಗೆ ಬೆಂಕಿಯಂಥ ಬಿಸಿಲಿನ ದೇಶದಲ್ಲಿ ಒಳಗೆ ಕೂತು ನಡುಗುವುದನ್ನು ನಾನು ಇಲ್ಲಿಯೇ ಕಲಿತದ್ದು.

ನಾನು ಹೇಳಿದ್ದು ಪ್ಲೇಟೋನ ಹಡಗಿನ ಕಥೆ. ಕಾಲೇಜಿನಲ್ಲಿ ಎಂದೂ ಸೋಲದ ಕಥೆ ಅದು. ಹಡಗಿನ ಯಜಮಾನನಿಗೆ ಕಿವಿ ಮಂದ, ಕಣ್ಣು ಮಂದ. ನಾವಿಕರೆಲ್ಲ ಚುಕ್ಕಾಣಿ ತನಗೆ ಬೇಕೆಂದು ಕಿತ್ತಾಡುತ್ತಾರೆ. ಒಬ್ಬನಿಗೂ ದಿಕ್ಕು ತಿಳಿಯದು. ದಿಕ್ಕು ತಿಳಿದವನೊಬ್ಬ ಸುಮ್ಮನೆ ನಕ್ಷತ್ರ ನೋಡುತ್ತಾ ನಿಂತಿದ್ದಾನೆ. ಅವನನ್ನು ಎಲ್ಲರೂ ಕೆಲಸಕ್ಕೆ ಬಾರದವನು ಎನ್ನುತ್ತಾರೆ. ರಾಜ್ಯವೂ ಹಾಗೆಯೇ, ಆಸೆಪಟ್ಟವನಲ್ಲ, ತಿಳಿದವನು ಆಳಬೇಕು ಎಂಬುದು ಪ್ಲೇಟೋನ ವಾದ. ಇದನ್ನು ಕೇಳಿ ಇಬ್ಬರೂ ನಾಚಿಕೆಪಟ್ಟು ಹಿಂದೆ ಸರಿಯುತ್ತಾರೆ ಎಂದು ನಾನು ನಂಬಿದ್ದೆ.

ಭಾಷಣ ಮುಗಿದು ಚಹಾ ಬಂತು. ವಿಲ್ಲಿ ನನ್ನನ್ನು ಬಾಲ್ಕನಿಗೆ ಕರೆದೊಯ್ದು ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. "ಮಾಸ್ಟ್ರೇ, ನೀವು ನ್ಯಾಯದ ಮನುಷ್ಯ. ಸ್ವಂತ ತಮ್ಮ ಅಂತ ನೋಡ್ಲಿಲ್ಲ. ಈ ಕೂಟದಲ್ಲಿ ಹಡಗಿನಲ್ಲಿ ಕೆಲಸ ಮಾಡಿದವ ನಾನೊಬ್ಬನೇ." ಒಮಾನಿಗೆ ಬರುವ ಮೊದಲು ಅವನು ಎರಡು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದದ್ದು ನನಗೆ ಆಗ ನೆನಪಾಯಿತು.

ಎಲ್ಲರೂ ಹೋದ ಮೇಲೆ ತಮ್ಮ ಬಂದು ಹೆಗಲ ಮೇಲೆ ಕೈ ಹಾಕಿದ. "ಅವನನ್ನು ಎದುರೇ ಕೂರಿಸಿ ಹೇಳಿದ್ಯಲ್ಲ ಅಣ್ಣ! ಹಡಗಿನ ಲೈನಿನಲ್ಲಿ ಇಷ್ಟು ವರ್ಷ ಇದ್ದವ ಯಾರು ಅಂತ ಎಲ್ಲರಿಗೂ ಗೊತ್ತುಂಟು."

ಬೆಳಗಾಗುವಷ್ಟರಲ್ಲಿ ಎರಡೂ ಗುಂಪಿನಲ್ಲಿ ನನ್ನ ಫೋಟೋ. ಮಾಸ್ಟ್ರು ನಮ್ಮ ಕಡೆ ಎಂದು ಎರಡು ಕಡೆಯೂ ಬರೆದುಕೊಂಡಿದ್ದರು. ಜಗಳ ಬಿಡಿಸಲು ಹೋಗಿ ಎರಡು ಪಕ್ಷಕ್ಕೂ ಪ್ರಚಾರ ಭಾಷಣ ಮಾಡಿ ಬಂದಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಬೆಟ್ಟದ ಬುಡದ ಒಂದು ಊರು

ಶನಿವಾರ ತಮ್ಮನ ಸಹೋದ್ಯೋಗಿ ಸಾಲಿಂ ತನ್ನ ಕಾರಿನಲ್ಲಿ ನಮ್ಮಿಬ್ಬರನ್ನು ತನ್ನ ತಾಯಿಯ ಊರಿಗೆ ಕರೆದೊಯ್ದ. ನಿಜ್ವಾ ಪಟ್ಟಣದ ದಿಕ್ಕಿಗೆ ಒಳನಾಡಿನ ದಾರಿ. ಎರಡೂ ಕಡೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ. ಸಾಲಿಂ ಸರಾಗವಾಗಿ ಹಿಂದಿ ಮಾತಾಡುತ್ತಾನೆ. ನನ್ನ ಹಿಂದಿಯನ್ನು ಕೇಳಿ ಅವನು ಎರಡು ಸಲ ಕಾರು ನಿಧಾನ ಮಾಡಿದ, ಅಷ್ಟು ಗಮನ ಕೊಡಬೇಕಾಗುತ್ತಿತ್ತು. ಒಮಾನಿಗಳು ಭೇಟಿಯಾದರೆ ಮೊದಲು ಕ್ಷೇಮ, ಮನೆಯವರ ಕ್ಷೇಮ, ಏನು ಸುದ್ದಿ, ಮತ್ತೇನು ಸುದ್ದಿ ಎಂದು ಸುತ್ತಿ ಬಂದೇ ವಿಷಯಕ್ಕೆ ಇಳಿಯುವುದು. ಪೆಟ್ರೋಲ್ ಹಾಕಿಸುವಲ್ಲಿ ಸಾಲಿಂಗೆ ಪರಿಚಯದವನೊಬ್ಬ ಸಿಕ್ಕಿ, ಕ್ಷೇಮಸಮಾಚಾರ ಮುಗಿಯುವಷ್ಟರಲ್ಲಿ ನಾನು ಒಂದು ಪೊಟ್ಟಣ ಕಡಲೆ ತಿಂದು ಮುಗಿಸಿದ್ದೆ. ನಮ್ಮಲ್ಲಿ "ಹೇಗಿದ್ದೀರಿ" ಎಂದು ಕೇಳಿ ಉತ್ತರಕ್ಕೆ ಕಾಯದೆ ಬಸ್ಸು ಹತ್ತುವವರೇ ಹೆಚ್ಚು.

ನಾನು ಏನು ಪಾಠ ಮಾಡುತ್ತಿದ್ದೆ ಎಂದು ಸಾಲಿಂ ಕೇಳಿದ. ಗ್ರೀಕರ ರಾಜ್ಯಚಿಂತನೆ ಎಂದೆ. "ಅರಿಸ್ತು?" ಎಂದ. ಅರಬ್ಬರಿಗೆ ಅರಿಸ್ಟಾಟಲ್ ಹೊರಗಿನವನಲ್ಲ. ಯುರೋಪು ಮರೆತ ಕಾಲದಲ್ಲಿ ಓದಿ ಉಳಿಸಿದವರು ಇವರು. ನನಗೆ ಉತ್ಸಾಹ ಬಂತು.

"ಒಂದು ವಿಷಯ ಗೊತ್ತುಂಟಾ ಸಾಲಿಂ? ಪ್ರಜೆ ಅಂದರೆ ಯಾರು ಎಂದು ಜಗತ್ತಿಗೆ ಹೇಳಿಕೊಟ್ಟ ಅರಿಸ್ಟಾಟಲ್ ಸ್ವತಃ ಅಥೆನ್ಸಿನ ಪ್ರಜೆ ಆಗಿರಲಿಲ್ಲ. ಉತ್ತರದ ಒಂದು ಸಣ್ಣ ಊರಿನಿಂದ ಬಂದವನು. ಅಥೆನ್ಸಿನಲ್ಲಿ ವರ್ಷಗಟ್ಟಲೆ ಇದ್ದ, ಶಾಲೆ ನಡೆಸಿದ. ಆದರೆ ಅಲ್ಲಿನ ಸಭೆಯಲ್ಲಿ ಕೈ ಎತ್ತುವ ಹಾಗಿಲ್ಲ. ಹೊರಗಿನವರಿಗೆ ಸ್ವಂತ ಜಾಗ ಇಲ್ಲ. ಪ್ರತಿವರ್ಷ ತೆರಿಗೆ. ಮತ್ತೆ ಜವಾಬ್ದಾರಿ ಹೊರುವ ಅಥೆನ್ಸಿನವನೊಬ್ಬ ಬೆನ್ನಿಗೆ ಬೇಕು."

ಸಾಲಿಂ ಸ್ಟೀರಿಂಗ್ ತಟ್ಟಿ ನಕ್ಕ. "ಅಂದರೆ ಅರಿಸ್ತುವಿಗೂ ಕಫೀಲ್ ಇದ್ದ!"

ಕಫೀಲ್ ಎಂದರೆ ಇಲ್ಲಿ ಹೊರದೇಶದ ನೌಕರನ ಹೊಣೆ ಹೊರುವ ಊರಿನವನು. ನಾನೂ ನಕ್ಕೆ. ಹಿಂದಿನ ಸೀಟಿನಲ್ಲಿದ್ದ ರಾಮು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತುಳುವಿನಲ್ಲಿ, ನನಗೆ ಮಾತ್ರ ತಿಳಿಯುವಂತೆ ಹೇಳಿದ: "ಅಣ್ಣ, ನಾನು ಈವರೆಗೆ ಒಂದೇ ಒಂದು ಸಲ ವೋಟು ಹಾಕಿದವ. ಊರು ಬಿಡುವ ಮೊದಲು. ಈಗ ಊರಿನ ಪಟ್ಟಿಯಲ್ಲಿ ಹೆಸರಿಲ್ಲ. ಇಲ್ಲಿ ಆ ಪ್ರಶ್ನೆಯೇ ಬರುದಿಲ್ಲ. ಈ ದೇಶ ನಂಗೆ ಎಲ್ಲ ಕೊಟ್ಟಿದೆ, ಅನ್ನ, ಮರ್ಯಾದೆ, ಮಗಳಿಗೆ ಓದು. ದೂರು ಹೇಳುದಲ್ಲ. ಆದ್ರೆ ನಾನು ಕೈ ಎತ್ತಿದ್ರೆ ಲೆಕ್ಕಕ್ಕೆ ಬರುವ ಜಾಗ ಅಂತ ಇರುವುದು ಆ ಕೂಟ ಒಂದೇ. ವಿಲ್ಲಿಗೂ ಅಷ್ಟೇ."

ಮನುಷ್ಯ ರಾಜ್ಯ ಕಟ್ಟಿಕೊಂಡು ಬಾಳುವ ಪ್ರಾಣಿ, ಅದಿಲ್ಲದೆ ಅವನು ಪೂರ್ತಿಯಾಗುವುದಿಲ್ಲ ಎಂಬ ಅರಿಸ್ಟಾಟಲನ ವಿಚಾರವನ್ನು ನಾನು ಎಷ್ಟು ವರ್ಷ ಹೇಳಿಕೊಟ್ಟಿದ್ದೇನೆ. ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ ಅದು. ನನ್ನ ತಮ್ಮ ಆ ಪ್ರಶ್ನೆಯೊಳಗೇ ಇಪ್ಪತ್ತೇಳು ವರ್ಷ ಬದುಕಿದ್ದು ನನಗೆ ಹೊಳೆದಿರಲಿಲ್ಲ. ಅವನ ಮೇಲಿದ್ದ ಕೋಪವೆಲ್ಲ ಇಳಿಯಿತು.

ಊರು ಬಂತು. ಬೋಳು ಬೆಟ್ಟದ ಬುಡದಲ್ಲಿ ಒಮ್ಮೆಗೇ ಖರ್ಜೂರದ ಹಸಿರು. ಬೆಟ್ಟದಡಿಯಿಂದ ನೀರನ್ನು ಕಾಲುವೆಯಲ್ಲಿ ಊರಿಗೆ ತಂದಿದ್ದಾರೆ. ಅದಕ್ಕೆ ಫಲಜ್ ಎನ್ನುತ್ತಾರೆ. ಎಷ್ಟೋ ತಲೆಮಾರಿನ ಹಿಂದಿನದು. ತಣ್ಣಗೆ ಹರಿಯುವ ನೀರು ಕಂಡು ನಾನು ಪ್ಯಾಂಟು ಮೇಲೆತ್ತಿ, ಬೂಟು ಕಳಚಿ, ಕಾಲು ಇಳಿಬಿಟ್ಟು ಆಹಾ ಎಂದೆ.

"ಲಾ, ಲಾ, ಲಾ!" ಬೇಡ ಬೇಡ ಎಂದು ಬೆನ್ನ ಹಿಂದೆ ಯಾರೋ ಅರಬಿಯಲ್ಲಿ ಕೂಗಿದರು. ಬಿಳಿಗಡ್ಡದ ಮುದುಕರೊಬ್ಬರು ಕೋಲು ಊರಿಕೊಂಡು ಬಂದರು. ಸಾಲಿಂ ಓಡಿ ಬಂದು ವಿವರಿಸಿದ. ನಾನು ಕಾಲು ಇಟ್ಟದ್ದು ಕಾಲುವೆ ಊರು ಸೇರುವ ಮೊದಲ ಜಾಗ. ಅದು ಕುಡಿಯುವ ನೀರಿಗೆ. ಊರಿನವನಿರಲಿ, ದಾರಿಹೋಕನಿರಲಿ, ಯಾರು ಬೇಕಾದರೂ ತುಂಬಿಕೊಳ್ಳಬಹುದು. ಅದರ ಕೆಳಗೆ ಮಸೀದಿ, ಆಮೇಲೆ ಸ್ನಾನದ ಜಾಗ, ಕೊನೆಗೆ ತೋಟಗಳು. ನನ್ನ ಕಾಲಿನ ಜಾಗ ಎಲ್ಲೋ ಕೆಳಗಿತ್ತು. ನಾನು ಅಷ್ಟು ಹೊತ್ತಿಗೆ ಕೈ ಮುಗಿದು ನಿಂತಿದ್ದೆ. ಮುದುಕರು ನಕ್ಕು, ಅದೇ ನೀರನ್ನು ಸ್ವಲ್ಪ ಮೇಲಿನಿಂದ ತುಂಬಿ ನನಗೆ ಕುಡಿಯಲು ಕೊಟ್ಟರು.

ನೀರಿನ ಸರದಿ ನೋಡಿಕೊಳ್ಳುವವರು ಅವರೇ. ನೆಲದಲ್ಲಿ ನೆಟ್ಟ ಒಂದು ಕೋಲು, ಅದರ ನೆರಳು ಬೀಳುವಲ್ಲಿ ಸಾಲಾಗಿ ಕಲ್ಲುಗಳು. ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ ಹೋಗುವಷ್ಟು ಹೊತ್ತು ಒಬ್ಬನ ತೋಟಕ್ಕೆ ನೀರು. ಈಗ ಎಲ್ಲರ ಕೈಯಲ್ಲೂ ವಾಚಿದೆ, ಆದರೂ ತಕರಾರು ಬಂದರೆ ಈ ಊರಿನವರು ಕೋಲಿನ ಹತ್ತಿರವೇ ಬರುವುದಂತೆ. ನಾವು ನೋಡುತ್ತಿದ್ದ ಹಾಗೆಯೇ ದೊಡ್ಡ ಗಾಡಿಯಲ್ಲಿ ಬಂದ ಒಬ್ಬ ದಪ್ಪ ಮನುಷ್ಯ ಇಳಿದು ತನ್ನ ತೋಟದ ಬಾಯಿಗೆ ಕಲ್ಲು ಅಡ್ಡ ಇಟ್ಟು, ಬಟ್ಟೆ ತುರುಕಿ, ನೀರನ್ನು ಪಕ್ಕದವನ ಕಡೆ ತಿರುಗಿಸಿ ಹೋದ.

"ದೊಡ್ಡ ತೋಟದವನು, ಪಾಲು ಹೆಚ್ಚು, ಹೊತ್ತೂ ಹೆಚ್ಚು" ಎಂದು ಮುದುಕರ ಮಾತನ್ನು ಸಾಲಿಂ ತಿಳಿಸಿದ. "ಆದರೆ ಸರದಿ ಮುಗಿದರೆ ಅವನ ಕಲ್ಲನ್ನು ಅವನೇ ಇಡಬೇಕು."

ಆಳುವುದು ಮತ್ತು ಆಳಿಸಿಕೊಳ್ಳುವುದು, ಎರಡನ್ನೂ ಸರದಿಯಲ್ಲಿ ಮಾಡಬಲ್ಲವನೇ ಪ್ರಜೆ ಎಂದಿದ್ದಾನೆ ಅರಿಸ್ಟಾಟಲ್. ನಾನು ಇದನ್ನು ಕರಿಹಲಗೆಯ ಮೇಲೆ ಬರೆದವನೇ ಹೊರತು ಹೀಗೆ ಹರಿಯುವುದನ್ನು ನೋಡಿರಲಿಲ್ಲ.

ಮತ್ತೆ ಅಲ್ ಮವಾಲೇಹ್, ಅಡುಗೆಮನೆ

ವಾಪಸು ಬರುವಾಗಲೇ ನಾನು ತಮ್ಮನಿಗೆ ಹೇಳಿದೆ: "ಚುನಾವಣೆ ಬೇಡ ರಾಮು. ಚೀಟಿ ಎತ್ತುವಾ. ಅಥೆನ್ಸಿನವರು ಅಧಿಕಾರಿಗಳನ್ನು ಹೆಚ್ಚಾಗಿ ಹಾಗೆಯೇ ಆರಿಸಿದ್ದು. ಚುನಾವಣೆ ಇಟ್ಟರೆ ಹೆಸರು ಮಾಡಿದವರೇ ಗೆಲ್ಲುತ್ತಾರೆ, ಚೀಟಿ ಎಲ್ಲರಿಗೂ ಒಂದೇ ಎಂಬುದು ಅವರ ಲೆಕ್ಕ. ಒಂದು ವರ್ಷ ಒಬ್ಬರು, ಮತ್ತೆ ಬೇರೆ ಚೀಟಿ."

"ಹಡಗಿನ ಕ್ಯಾಪ್ಟನನ್ನು ಚೀಟಿ ಎತ್ತಿ ಆರಿಸ್ತಾರಾ?" ನನ್ನ ಪ್ಲೇಟೋ ನನಗೇ ತಿರುಗಿ ಬಂದ.

"ನಾಲ್ಕು ಸಲ ಊಟಕ್ಕೆ ಸೇರುವುದು ಹಡಗಲ್ಲ ಮಾರಾಯ. ನಾನು ಹೇಳಿದ ಕಥೆ ತಪ್ಪು ಜಾಗದಲ್ಲಿ ಹೇಳಿದ್ದು."

ರಾಮು ಕಿಟಕಿಯ ಕಡೆ ಮುಖ ತಿರುಗಿಸಿ, "ವಿಲ್ಲಿ ಮೊದಲು ಒಪ್ಪಲಿ" ಎಂದ. ಮನೆಗೆ ಬಂದು ವಿಲ್ಲಿಗೆ ಫೋನ್ ಮಾಡಿದರೆ, "ರಾಮು ಮೊದಲು ಒಪ್ಪಿದ್ರೆ ನೋಡುವಾ ಮಾಸ್ಟ್ರೇ." ಮೊದಲು ಒಪ್ಪಿದವನು ಸೋತ ಹಾಗೆ ಎಂಬ ಹಟ. ಊರಿನ ಹಿತಕ್ಕಾಗಿ ಆಳುವವರು ಒಂದು ಸುಳ್ಳು ಹೇಳಬಹುದು ಎಂದು ಪ್ಲೇಟೋ ಬರೆದಿದ್ದಾನೆ. ಅದನ್ನು ಮೂವತ್ತು ವರ್ಷ ತರಗತಿಯಲ್ಲಿ ಖಂಡಿಸಿದವನು ನಾನು. ಐದು ನಿಮಿಷ ಬಿಟ್ಟು ವಿಲ್ಲಿಗೆ "ರಾಮು ಒಪ್ಪಿದ" ಎಂದೆ. ಹಾಲಿಗೆ ಹೋಗಿ ರಾಮುಗೆ "ವಿಲ್ಲಿ ಒಪ್ಪಿದ" ಎಂದೆ. ಇಬ್ಬರೂ ಒಪ್ಪಿದರು.

ಇನ್ನು ಚೀಟಿ ಬರೆಯುವುದು. ರಾಮು ಸದಸ್ಯರ ಪಟ್ಟಿ ತಂದ. ನಲವತ್ತು ಹೆಸರು, ಮನೆಗೊಂದು. ನಾವಿಬ್ಬರೂ ಅಡುಗೆಮನೆಯ ಮೇಜಿನಲ್ಲಿ ಕೂತು ಕಾಗದ ಕತ್ತರಿಸುತ್ತಿದ್ದೆವು. ತಮ್ಮನ ಹೆಂಡತಿ ಸುಮತಿ ಅಲ್ಲಿಯೇ ನಿಂತು ತೆಂಗಿನಕಾಯಿ ಹೆರೆಯುತ್ತಿದ್ದಳು. ಈವರೆಗೆ ಈ ಜಗಳದ ಬಗ್ಗೆ ಒಂದು ಮಾತೂ ಆಡದ ಹೆಂಗಸು.

"ಭಾವಾ, ಒಂದು ಕೇಳ್ಲಾ? ಅಥೆನ್ಸಿನ ಚೀಟಿಯಲ್ಲಿ ಹೆಂಗಸರ ಹೆಸರು ಇತ್ತಾ?"

"ಇರಲಿಲ್ಲಮ್ಮ."

"ಕೆಲಸದವರದ್ದು?"

"ಗುಲಾಮರು ಅವರು. ಇರಲಿಲ್ಲ."

"ಬೇರೆ ಊರಿಂದ ಬಂದು ಇದ್ದವರದ್ದು?"

"ಇಲ್ಲ."

ಸುಮತಿ ಹೆರೆಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ನಾವು ಇಲ್ಲಿರುವವರು ಒಬ್ಬರೂ ಅಥೆನ್ಸಿನ ಡಬ್ಬಿಯಲ್ಲಿ ಇರ್ತಿರ್ಲಿಲ್ಲ. ಆ ಲೆಕ್ಕ ಎಂತಕ್ಕೆ ಇಲ್ಲಿಗೆ ತರ್ತೀರಿ? ತರುದಾದ್ರೆ ಸರಿಮಾಡಿ ತನ್ನಿ."

ರಾಮು ನನ್ನ ಮುಖ ನೋಡಿದ. ನಾನು ಕಾಯಿತುರಿಯ ತಟ್ಟೆ ನೋಡಿದೆ. ಎಲ್ಲರೂ ಒಂದೊಂದು ಪದಾರ್ಥ ತಂದ ಊಟ ಒಬ್ಬನೇ ಮಾಡಿಸಿದ ಊಟಕ್ಕಿಂತ ಮೇಲು, ಹಾಗೆಯೇ ಹಲವರು ಸೇರಿದ ಬುದ್ಧಿ ಎಂದು ಅರಿಸ್ಟಾಟಲ್ ಹೇಳಿದ್ದಿದೆ. ಆ ಊಟ ಬೇಯಿಸಿದವರನ್ನು ಮಾತ್ರ ಅವನು ಸಭೆಗೆ ಕರೆಯಲಿಲ್ಲ. ಈ ದೋಷವನ್ನು ನಾನು ಪಾಠದ ಕೊನೆಯಲ್ಲಿ, ಗಂಟೆ ಹೊಡೆಯುವ ಹೊತ್ತಿಗೆ, ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದೆ.

ಪಟ್ಟಿಗೆ ಹೆಂಗಸರೆಲ್ಲ ಸೇರಿದರು. ಆಮೇಲೆ ಸುಮತಿ ಇನ್ನೊಂದು ಎಳೆ ಎಳೆದಳು. ಕೂಟದ ಲೆಕ್ಕ ಸಂಸಾರದ ಲೆಕ್ಕ. ಒಂಟಿಯಾಗಿ ದುಡಿಯುವವರು, ಅಂದರೆ ಸೀಬ್ ಪೇಟೆಯ ಕ್ಷೌರದಂಗಡಿಯವನು, ಕೆಫೆಟೇರಿಯಾದ ಇಬ್ಬರು, ಒಮಾನಿಗಳ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು, ಹೀಗೆ ಹದಿನೈದು ಇಪ್ಪತ್ತು ಜನ ಪ್ರತಿ ಸಲ ಬಂದು ಬಡಿಸಿ, ಪಾತ್ರೆ ತೊಳೆದು ಹೋಗುತ್ತಾರೆ. ಅವರು ಸದಸ್ಯರಲ್ಲ. ಯಾರೂ ಬೇಡ ಎಂದದ್ದಲ್ಲ. ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. ಸುಮತಿಗೆ ಎಲ್ಲರ ಹೆಸರೂ ಬಾಯಿಪಾಠ ಇತ್ತು. ಕಾಗದ ಸಾಲದೆ ನಾವು ಕ್ಯಾಲೆಂಡರಿನ ಹಳೆಯ ಹಾಳೆ ಹರಿದೆವು.

ಸಹಮ್, ಶುಕ್ರವಾರ

ಸಹಮ್ ಕಡಲ ದಡದ ಊರು. ಪರಿಚಯದ ಒಮಾನಿಯೊಬ್ಬರು ಪ್ರತಿವರ್ಷ ಈ ಕೂಟಕ್ಕೆ ತಮ್ಮ ತೋಟ ಬಿಟ್ಟುಕೊಡುತ್ತಾರೆ. ಮಾವು, ನಿಂಬೆ, ಬಾಳೆ. ಬಾಳೆಯ ಎಲೆ ನೋಡಿ ನನಗೆ ಮನೆಗೆ ಬಂದಷ್ಟು ಖುಷಿಯಾಯಿತು. ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡುತ್ತಾ ಮರ ಹತ್ತುತ್ತಿದ್ದರು. ದೊಡ್ಡವರು ಎರಡು ಚಪ್ಪರದಡಿ ಎರಡು ಗುಂಪಾಗಿದ್ದರು. ರಾಮು ಒಂದರಲ್ಲಿ, ವಿಲ್ಲಿ ಇನ್ನೊಂದರಲ್ಲಿ.

ಚೀಟಿಯ ವಿಷಯ, ಅದರಲ್ಲಿ ಎಲ್ಲರ ಹೆಸರೂ ಇರುವ ವಿಷಯ ಹೇಳಿದಾಗ ಗದ್ದಲವಾಯಿತು. "ಅಧ್ಯಕ್ಷರನ್ನು ಬೇಕಾದ್ರೆ ಚೀಟಿಯಲ್ಲಿ ಆರಿಸಿ, ಬಿರಿಯಾನಿ ಮಾಡುವವರನ್ನು ಮಾತ್ರ ಬೇಡ!" ಎಂದು ಯಾರೋ ಕೂಗಿದರು. ಸರಿಯಾದ ಮಾತು. ಅಥೆನ್ಸಿನವರೂ ಸೇನಾಪತಿಗಳನ್ನು ಮಾತ್ರ ಚೀಟಿಗೆ ಬಿಡಲಿಲ್ಲ ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಒಪ್ಪಿಗೆಯೂ ಆಯಿತು.

ಖಾಲಿಯಾದ ಹಲ್ವದ ದೊಡ್ಡ ಡಬ್ಬಿಯಲ್ಲಿ ಚೀಟಿ ತುಂಬಿದೆವು. ಎತ್ತಿದ್ದು ಅತಿಥಿಯಾಗಿ ಬಂದಿದ್ದ ಸಾಲಿಂ. ಅವನಿಗೆ ಕನ್ನಡ ಓದಲು ಬಾರದು, ಯಾರ ಕಡೆಯವನೂ ಅಲ್ಲ. ಅವನು ಬಿಸ್ಮಿಲ್ಲಾ ಎಂದು ಕೈ ಹಾಕಿ, ಒಂದು ಚೀಟಿ ತೆಗೆದು ನನಗೆ ಕೊಟ್ಟ. ನಾನು ಕನ್ನಡಕ ಏರಿಸಿ ಓದಿದೆ.

"ಗಿರಿಜಾ, ಸಹಮ್."

"ಯಾವ ಗಿರಿಜಾ?" ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಳೆಯ ಸಾಲಿನ ಹತ್ತಿರ ಎಲೆ ಒರೆಸುತ್ತಿದ್ದ ಐವತ್ತರ ಹೆಂಗಸೊಬ್ಬರು ಬಟ್ಟೆ ಹಿಡಿದೇ ಎದ್ದು ನಿಂತರು. ಅದೇ ಊರಿನ ಒಮಾನಿಗಳ ಮನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುವವರು. ಕಾರ್ಕಳ ಕಡೆಯವರು. "ನಾನಲ್ಲ. ಬೇರೆ ಯಾರೋ ಇರ್ಬೇಕು" ಎಂದರು.

"ಇನ್ನೊಂದು ಎತ್ತಿ ಮಾಸ್ಟ್ರೇ" ಎಂದು ಹಿಂದಿನಿಂದ ಧ್ವನಿ ಬಂತು. "ಪಾಪ, ಅವರಿಗೆ ಇದೆಲ್ಲ ಎಲ್ಲಿ ಆಗ್ತದೆ?"

"ಹೌದು, ಇನ್ನೊಂದು ಎತ್ತಿ" ಎಂದು ರಾಮು ಹೇಳಿದರೆ ಸಾಕಿತ್ತು, ವಿಲ್ಲಿ ಹೇಳಿದರೂ ಸಾಕಿತ್ತು. ಚೀಟಿಯೂ ಹೋಗುತ್ತಿತ್ತು, ಕೂಟವೂ ಅಲ್ಲೇ ಎರಡಾಗುತ್ತಿತ್ತು. ನನಗೆ ಹೇಳಲು ಒಂದು ಗ್ರೀಕ್ ಮಾತೂ ನೆನಪಾಗಲಿಲ್ಲ. ನಾನು ತಮ್ಮನನ್ನೇ ನೋಡಿದೆ.

ರಾಮು ಎದ್ದ. "ಚೀಟಿ ಅಂತ ಒಪ್ಪಿದ ಮೇಲೆ ಬಂದದ್ದು ಬಂತು. ಖಲಾಸ್" ಎಂದು ಕೂತ.

ಆಚೆ ಚಪ್ಪರದಲ್ಲಿ ವಿಲ್ಲಿಯೂ ಎದ್ದ. ತಾನು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಬಂದು, ಎರಡು ಚಪ್ಪರದ ನಡುವೆ ಇಟ್ಟು, ಕರವಸ್ತ್ರದಿಂದ ಒರೆಸಿ, "ಬನ್ನಿ ಗಿರಿಜಕ್ಕ" ಎಂದ.

ಗಿರಿಜಕ್ಕ ಕುರ್ಚಿಯ ತುದಿಯಲ್ಲಿ ಕೂತರು. ಎರಡು ಮಾತಾಡಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಅವರು ಸೆರಗಿನ ಚುಂಗು ತಿರುಚಿದರು, ಹಾಸಿದ ಬಾಳೆಲೆಗಳನ್ನು ನೋಡಿದರು.

"ನಂಗೆ ಮಾತಾಡ್ಲಿಕ್ಕೆ ಬರುದಿಲ್ಲ. ಒಂದು ಹೇಳ್ತೇನೆ. ಪ್ರತೀ ಸಲ ಬಡಿಸುವುದು ನಾವೇ, ಕೊನೆಗೆ ಕೂರುವುದೂ ನಾವೇ. ನಾವು ಕೂರುವಾಗ ಪಾಯಸ ಮುಗಿದಿರ್ತದೆ. ಇನ್ನು ಸರದಿ ಮಾಡುವಾ. ಒಂದು ಸಲ ಬಡಿಸಿದವರು ಇನ್ನೊಂದು ಸಲ ಕೂರಲಿ. ಇವತ್ತು ನಾವು ಮೊದಲು ಕೂರ್ತೇವೆ." ಅಷ್ಟು ಹೇಳಿ ಅವರಿಗೇ ಹೆದರಿಕೆಯಾಯಿತು. "ಆಗಬಹುದಾ?"

ಮೊದಲು ಚಪ್ಪಾಳೆ ತಟ್ಟಿದವಳು ಸುಮತಿ. ಆಮೇಲೆ ತೋಟವೇ ತಟ್ಟಿತು.

ಬಡಿಸುವವರು ಯಾರು ಎಂದು ಗಿರಿಜಕ್ಕ ಸುತ್ತ ಕಣ್ಣಾಡಿಸಿದರು. ಹತ್ತಿರ ಸಿಕ್ಕಿದ್ದು ಇವರಿಬ್ಬರು. "ರಮಾನಾಥಣ್ಣ, ನೀವು ಅನ್ನ ಹಿಡ್ಕೊಳ್ಳಿ. ವಿಲ್ಲಿ ಸರ್, ನೀವು ಸಾರು."

ಅನ್ನದ ಬೆನ್ನಿಗೇ ಸಾರು ಹೋಗಬೇಕು. ಬೇರೆ ದಾರಿಯಿಲ್ಲ. ರಾಮು ಅನ್ನದ ಬುಟ್ಟಿ ಹಿಡಿದು ದಡದಡ ಮುಂದೆ ಹೋದ. ವಿಲ್ಲಿ ಸಾರಿನ ಬಕೆಟಿನೊಂದಿಗೆ ಹಿಂದೆ ಬಿದ್ದ. ಕೂತವರೆಲ್ಲ ಒಣ ಅನ್ನದ ಮುಂದೆ ಕೈ ಕಟ್ಟಿ ಕಾದರು. "ಒಟ್ಟಿಗೆ ಬನ್ನಿ, ಒಟ್ಟಿಗೆ!" ಎಂದು ಗಿರಿಜಕ್ಕ ಮೊದಲ ಪಂಕ್ತಿಯಲ್ಲಿ ಕೂತೇ ಗದರಿಸಿದರು. ರಾಮು ನಿಂತ. ವಿಲ್ಲಿ ಬಂದು ಮುಟ್ಟಿದ. ಆಮೇಲೆ ಒಂದು ಎಲೆಗೆ ಅನ್ನ, ಅದೇ ಎಲೆಗೆ ಸಾರು, ಕೊನೆಯ ಎಲೆಯವರೆಗೂ ಒಂದೇ ಹೆಜ್ಜೆಯಲ್ಲಿ ಹೋದರು. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ.

ಕೊನೆಗೆ ಬಡಿಸಿದವರು ಕೂರುವಾಗ ಪಾಯಸ ಮುಗಿದಿತ್ತು. ನಾನೂ ಬಡಿಸಿದವರಲ್ಲಿ ಒಬ್ಬ.

ವಾಪಸು

ಸಂಜೆ ಅಲ್ ಮವಾಲೇಹ್‌ಗೆ ಮುಟ್ಟಿದೆವು. ಸುಮತಿ ಪಾತ್ರೆಗಳನ್ನು ಎತ್ತಿಕೊಂಡು ಮೇಲೆ ಹೋದಳು. ನಾವಿಬ್ಬರು ಕಾರಿನಲ್ಲೇ ಕೂತಿದ್ದೆವು.

"ನಂಗೆ ಬೇಸರ ಉಂಟು ಅಣ್ಣ" ಎಂದ ತಮ್ಮ. "ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಇಷ್ಟು ವರ್ಷ ಓಡಾಡಿದವ ನಾನು."

"ಬೇಸರ ಇರಲಿ ರಾಮು. ನೀನು ಎದ್ದು ಮಾತಾಡಿದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ?" ಎಂದೆ. ಸುಳ್ಳಿನ ಮಾತು ಬಂದದ್ದರಿಂದ ನನ್ನ ಭಾರವನ್ನೂ ಇಳಿಸಿಬಿಡೋಣ ಎನಿಸಿತು. "ಇನ್ನೊಂದು ಹೇಳಬೇಕು. ಅವತ್ತು ವಿಲ್ಲಿ ಮೊದಲು ಒಪ್ಪಿದ ಅಂತ ನಾನು ಹೇಳಿದ್ದು ನಿಜ ಅಲ್ಲ."

"ಗೊತ್ತುಂಟು."

"ಗೊತ್ತುಂಟಾ?"

"ವಿಲ್ಲಿ ಐದು ನಿಮಿಷದಲ್ಲಿ ಒಪ್ಪುವ ಜನವಾ? ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೇನೆ ಅವನನ್ನು." ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. "ಯಾರಾದ್ರೂ ಒಬ್ಬ ಮೊದಲು ಒಪ್ಪಬೇಕಿತ್ತಲ್ಲ."

ನಾನು ಇಳಿದು ಲಿಫ್ಟಿನ ಕಡೆ ನಡೆದೆ. ಅವನು ಬರಲಿಲ್ಲ. ತಿರುಗಿ ನೋಡಿದರೆ ಕಾರಿನ ಪಕ್ಕ ನಿಂತು ಫೋನು ಕಿವಿಗಿಟ್ಟುಕೊಂಡಿದ್ದ. ವಿಲ್ಲಿ ಇರುವುದು ರುವಿಯಲ್ಲಿ, ಇಲ್ಲಿಂದ ಇನ್ನೂ ಮುಂದೆ ಹೋಗಬೇಕು.

"ವಿಲ್ಲೀ" ಎಂದ ನನ್ನ ತಮ್ಮ. "ಮನೆ ಮುಟ್ಟಿದ್ಯಾ?"